ಮಸ್ಕಿ ದಾರಿಯ ನೀರಿನ ಘಟಕ

ಮಸ್ಕಿಗೆ ಹೋಗಿದ್ದು ಅಶೋಕನ ಶಾಸನ ನೋಡೋಕೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆ ಅದು. ನೋಡಿದೆ, ಖುಷಿಯಾಯಿತು. ಮುದಗಲ್ ಕೋಟೆಯನ್ನೂ ಸುತ್ತಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಉಳಿದಿರುವುದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯ ಕುಡಿಯುವ ನೀರಿನ ಘಟಕ.

ಮೊದಲು ಒಂದು ಮಾತು. ಬೇಸಿಗೆಯಲ್ಲಿ ಈ ಕಡೆ ಬರೋರು ನೀರಿನ ಕ್ಯಾನನ್ನು ಪಟ್ಟಣದಲ್ಲೇ ತುಂಬಿಸಿಕೊಳ್ಳಿ. ದಾರಿಯಲ್ಲಿ ಶುದ್ಧ ನೀರಿನ ಘಟಕಗಳು ಕಾಣುತ್ತವೆ, ಅವುಗಳನ್ನೇ ನೆಚ್ಚಿಕೊಳ್ಳಬೇಡಿ. ಒಂದು ಊರಿನ ಬಾಗಿಲಲ್ಲೇ ನೀಲಿ ಬಣ್ಣದ ಘಟಕ ಇತ್ತು. ಕಟ್ಟಿಸಿಕೊಟ್ಟ ಕಂಪನಿಯ ಹೆಸರಿನ ಗ್ರಾನೈಟ್ ಫಲಕ ಬಾಗಿಲಿಗಿಂತ ಅಗಲ. ಐದು ರೂಪಾಯಿ ನಾಣ್ಯ ಹಾಕಿದೆ. ನಾಣ್ಯ ಒಳಗೆ ಹೋಯಿತು, ನೀರು ಬರಲಿಲ್ಲ. ಕಿಂಡಿಯಲ್ಲಿ ಬಗ್ಗಿ ನೋಡಿದರೆ ಪೈಪಿನ ಮೇಲೆಲ್ಲ ಧೂಳು. "ಬಂದಾಗಿ ಎರಡು ವರ್ಷ ಆತ್ರಿ" ಅಂದ, ಕಟ್ಟೆ ಮೇಲೆ ಕೂತಿದ್ದ ಹುಡುಗ. ಆ ಸಿಟ್ಟು ಇನ್ನೂ ಇಳಿದಿಲ್ಲ. ಐದು ರೂಪಾಯಿ ಹೋಯಿತು ಅಂತಲ್ಲ, ಎರಡು ವರ್ಷದಿಂದ ಆ ಊರಿನ ಮಕ್ಕಳು ಯಾವ ನೀರು ಕುಡಿಯುತ್ತಿದ್ದಾರೆ ಅಂತ.

ಯಾಕಂದರೆ ಇಲ್ಲಿ ಎಷ್ಟೋ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೂ ಅದು ಹೋಗಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆ ಬಾಗುತ್ತದೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆ ರಾಯಚೂರು, ಹೇಳೋಕೇ ಸಂಕಟ ಆಗುತ್ತದೆ.

ಮುಂದಿನ ಊರಲ್ಲೂ ಅಂಥದ್ದೇ ಘಟಕ, ಅಂಥದ್ದೇ ಫಲಕ. ಆದರೆ ಅಲ್ಲಿ ಕೊಡಗಳ ಸಾಲು ಇತ್ತು. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ನನ್ನ ಮುಖ ನೋಡಿ ಮೊದಲು ಒಂದು ಚೊಂಬು ನೀರು ಕೊಟ್ಟರು, ಆಮೇಲೆ ಮಾತು. ಇದನ್ನ ಕಂಪನಿಯವರೇ ಕೊಟ್ಟಿದ್ದಾ ಅಂತ ಕೇಳಿದೆ.

"ಹೂನ್ರಿ. ಮೂರು ವರ್ಷ ಅವರೇ ನಡೆಸಿದ್ರು. ಆಮ್ಯಾಲೆ ಕೀಲಿ ಕೊಟ್ಟು ಹೋದ್ರು."

ಈ ಮೂರು ವರ್ಷ ಅನ್ನೋ ಲೆಕ್ಕಕ್ಕೆ ಒಂದು ಕಾನೂನು ಕಾರಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಆರೋಗ್ಯ, ಶಾಲೆ, ನೀರು ಇಂಥದ್ದಕ್ಕೆ ಕೊಡಬೇಕು. 2014ರಿಂದ ಇದು ಜಾರಿಯಲ್ಲಿದೆ, ಎಷ್ಟೋ ಊರಿಗೆ ಇದರಿಂದ ಒಳ್ಳೆಯದಾಗಿದೆ. ಆದರೆ 2021ರ ನಿಯಮದಲ್ಲಿ, ವರ್ಷಗಟ್ಟಲೆ ನಡೆಯುವ ಯೋಜನೆಗೆ ಶುರುವಾದ ವರ್ಷ ಬಿಟ್ಟು ಮೂರು ವರ್ಷವಷ್ಟೇ ಅವಕಾಶ. ಕಟ್ಟಿದ್ದನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಊರಿನ ಸಂಘಕ್ಕೋ, ಸೇವಾ ಸಂಸ್ಥೆಗೋ, ಸರ್ಕಾರಕ್ಕೋ ಬಿಟ್ಟುಕೊಡಬೇಕು. ಸರಿಯಾದ ನಿಯಮವೇ. ಆದರೆ ಕೀಲಿ ಕೊಡುವ ದಿನ ಅದನ್ನು ಹಿಡಿಯೋಕೆ ಊರಲ್ಲಿ ಯಾರನ್ನಾದರೂ ತಯಾರು ಮಾಡಿರಬೇಕು, ಅಲ್ವಾ?

ಈಕೆ ತಾವೇ ತಯಾರಾಗಿದ್ದರು. ರಿಪೇರಿಗೆ ಹುಡುಗ ಬಂದಾಗೆಲ್ಲ ಪಕ್ಕದಲ್ಲಿ ನಿಂತು, ಯಾವ ಫಿಲ್ಟರ್ ಯಾವಾಗ ಬದಲಿಸಬೇಕು, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹೇಗೆ ನೋಡಬೇಕು ಅಂತ ಕೇಳಿ ಕೇಳಿ ಕಲಿತಿದ್ದಾರೆ. ಈಗ ಘಟಕ ಅವರ ಸಂಘದ ಕೈಯಲ್ಲಿದೆ. ದಿನದ ದುಡ್ಡಲ್ಲಿ ಕರೆಂಟ್ ಬಿಲ್ಲಿಗೆ ಒಂದು ಪಾಲು, ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್ ಬದಲಿಸೋಕೆ ಒಂದು ಪಾಲು ಬೇರೆ ಬೇರೆ ಬರೆದಿಟ್ಟಿದ್ದರು. ಯಂತ್ರ ಹೊರಗೆ ಬಿಡುವ ಉಪ್ಪುನೀರನ್ನೂ ತೊಟ್ಟಿಗೆ ಹಾಯಿಸಿ ಪಾತ್ರೆ ತೊಳೆಯೋಕೆ ಬಳಸುತ್ತಾರೆ.

ಅಷ್ಟರಲ್ಲಿ ಅವರ ಅತ್ತೆ ಬಂದು ಕೂತರು. ಸೀರೆ ಸ್ವಲ್ಪ ಸರಿಸಿ ಪಾದದ ಮೇಲಿನ ಹಳೇ ಕಲೆ ತೋರಿಸಿದರು. ನಾರುಹುಣ್ಣು! ಅದನ್ನು ಅನುಭವಿಸಿದವರನ್ನು ನಾನು ನೋಡಿದ್ದು ಅದೇ ಮೊದಲು. "ಮೆಟ್ಟಿಲ ಬಾವಿಗೆ ಇಳಿದು ನೀರು ತರ್ತಿದ್ವಿ. ಕಾಲಾಗಿಂದ ದಾರದಂಗ ಹುಳ ಹೊರಗ ಬರ್ತಿತ್ತು. ಕಡ್ಡಿಗೆ ಸುತ್ತಿ ದಿನಾ ಒಂಚೂರು ಎಳೀಬೇಕು. ಹರಿದ್ರ ಕಾಲೆಲ್ಲ ಬಾತುಬಿಡ್ತಿತ್ತು" ಅಂದರು. ಹುಣ್ಣಾದ ಕಾಲನ್ನು ನೀರಿಗಿಟ್ಟರೆ ಹುಳ ಮರಿಗಳನ್ನು ಬಿಡುತ್ತದೆ, ಅವನ್ನು ಒಂದು ಸಣ್ಣ ನೀರುಜೀವಿ ತಿನ್ನುತ್ತದೆ, ಆ ಜೀವಿ ಇರುವ ನೀರು ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ಮೇಲೆ ಹೊಸ ಹುಳ ಹೊರಬರುತ್ತದೆ. ನಮ್ಮ ದೇಶದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ.

ಆಫ್ರಿಕಾದ ಕಥೆಯನ್ನು ನಾನು ಹೇಳಿದೆ. 1986ರಲ್ಲಿ ಆಫ್ರಿಕಾ, ಏಷ್ಯಾ ಎರಡೂ ಸೇರಿ ಈ ರೋಗ ಸುಮಾರು 35 ಲಕ್ಷ ಜನರಿಗಿತ್ತು. ಡ್ಯೂಪಾಂಟ್, ಪ್ರಿಸಿಷನ್ ಫ್ಯಾಬ್ರಿಕ್ಸ್ ಎಂಬ ಅಮೆರಿಕದ ಕಂಪನಿಗಳು ನೀರು ಸೋಸೋಕೆ ನೈಲಾನ್ ಬಟ್ಟೆ ದಾನ ಕೊಟ್ಟವು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಟ್ಟಿದ ಸೇವಾ ಸಂಸ್ಥೆ ಕಾರ್ಟರ್ ಸೆಂಟರ್ ಅದನ್ನು ಹಳ್ಳಿಗಳಿಗೆ ಮುಟ್ಟಿಸಿತು. ಈಗಿನ ವರ್ಷಗಳಲ್ಲಿ ರೋಗಿಗಳು ಇಡೀ ಜಗತ್ತಿನಲ್ಲಿ ಇಪ್ಪತ್ತು ಜನವೂ ಇಲ್ಲ.

ಅಜ್ಜಿ ಗಮನ ಇಟ್ಟು ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬಟ್ಟಿ ತೂತು ಬಿದ್ರ ಯಾರ್ ನೋಡ್ತಿದ್ರು?"

ಆಯಾ ಊರಿನ ಸ್ವಯಂಸೇವಕರೇ ಮನೆಮನೆಗೆ ಹೋಗಿ ಬಟ್ಟೆ ನೋಡಿ, ಹರಿದಿದ್ದರೆ ಬೇರೆ ಕೊಡುತ್ತಿದ್ದರು ಅಂದೆ. "ಹಂಗಾರ ಹೋಗೇ ಹೋಗ್ತದ ಬಿಡು" ಅಂದರು. ಸೋಸುವ ಬಟ್ಟೆಯಿಂದ ಫ್ಲೋರೈಡ್ ಹೋಗಲ್ಲ, ಅದು ನೀರಲ್ಲಿ ಕರಗಿರುತ್ತದೆ. ಆದರೆ ಬಟ್ಟೆಗೂ ಘಟಕಕ್ಕೂ ಅಜ್ಜಿಯ ಪ್ರಶ್ನೆ ಒಂದೇ.

ಮಧ್ಯಾಹ್ನ ರೊಟ್ಟಿ, ಪುಂಡಿ ಪಲ್ಯ ಅವರ ಮನೆಯಲ್ಲೇ. ಇಷ್ಟು ರುಚಿಯಾದ ಪುಂಡಿ ಪಲ್ಯ ನಾನು ಬೇರೆಲ್ಲೂ ತಿಂದಿಲ್ಲ. ಕಂಪನಿಯವರು ಮತ್ತೆ ಬಂದರೆ ಏನು ಕೇಳ್ತೀರಿ ಅಂತ ಸೊಸೆಯನ್ನು ಕೇಳಿದೆ. "ಇನ್ನೊಂದು ಕಟ್ಟೋದು ಬ್ಯಾಡ್ರಿ. ಬಾಜೂ ಊರಿನ ಹೆಣ್ಮಕ್ಕಳಿಗೆ ಕೆಲಸ ಕಲಿಸೋಕೆ ನನಗ ಪಗಾರ ಕೊಡ್ಲಿ" ಅಂದರು. ಬಾಜೂ ಊರು ಅಂದರೆ ನನ್ನ ನಾಣ್ಯ ನುಂಗಿದ ಊರು. ನಾನು ಕೆಲಸ ಮಾಡುವ ಕಂಪನಿಯಲ್ಲಿ ಇಂಥ ಹಣ ನೋಡಿಕೊಳ್ಳುವ ಸಿಎಸ್‌ಆರ್ ತಂಡಕ್ಕೆ ಅಜ್ಜಿಯ ಪ್ರಶ್ನೆ, ಸೊಸೆಯ ಮಾತು ಎರಡನ್ನೂ ಹಾಗೇ ಬರೆದು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಮತ್ತೆ ಕೇಳುತ್ತೇನೆ.