ಪಾಲೊಳೆಂನಿಂದ ಬಟರ್‌ಫ್ಲೈ ಬೀಚಿಗೆ: ಕಯಾಕಿಗೆ ಚುಕ್ಕಾಣಿ ಬೇಕೇ?

ದಕ್ಷಿಣ ಗೋವಾದ ಪಾಲೊಳೆಂನಿಂದ ಉತ್ತರಕ್ಕೆ, ಬಂಡೆಗಳ ಅಂಚು ಹಿಡಿದು ಬಟರ್‌ಫ್ಲೈ ಬೀಚಿಗೆ ಕಯಾಕಿನಲ್ಲಿ ಹೋಗಲು ಬಯಸುವವರು ಚುಕ್ಕಾಣಿಯಿರುವ ದೋಣಿಯನ್ನೇ ಹುಡುಕಬೇಕೇ ಎಂದು ಕೇಳುತ್ತಾರೆ. ವಾಸ್ಕೋದಲ್ಲಿ ನೆಲೆಸಿರುವ ಕನ್ನಡದ ಗೆಳೆಯರೊಂದಿಗೆ ಈ ದಾರಿಯನ್ನು ಕಂಡುಬಂದ ಮೇಲೆ ನನ್ನ ಅಭಿಪ್ರಾಯವಿಷ್ಟು: ಬೆಳಗಿನ ಹೊತ್ತಿಗೆ ಅದು ಬೇಕಿಲ್ಲ, ಮಧ್ಯಾಹ್ನ ಮರಳುವುದಾದರೆ ಬೇಕು.

ಚುಕ್ಕಾಣಿ ಇರುವುದು ದೋಣಿಯನ್ನು ತಿರುಗಿಸಲು ಎಂದು ಹಲವರು ತಿಳಿದಿದ್ದಾರೆ. ಕಯಾಕಿನಲ್ಲಿ ಅದರ ಮುಖ್ಯ ಕೆಲಸ ಅಡ್ಡಗಾಳಿಯಲ್ಲೂ ದೋಣಿ ನೆಟ್ಟಗೆ ಸಾಗುವಂತೆ ನೋಡಿಕೊಳ್ಳುವುದು. ಮುಂದೆ ಸಾಗುತ್ತಿರುವ ಕಯಾಕಿನ ಮೂತಿಯನ್ನು ನೀರು ಬಿಗಿಯಾಗಿ ಹಿಡಿದಿರುತ್ತದೆ, ಹಿಂಭಾಗಕ್ಕೆ ಅಷ್ಟು ಹಿಡಿತವಿರುವುದಿಲ್ಲ. ಆದ್ದರಿಂದ ಪಕ್ಕದಿಂದ ಬೀಸುವ ಗಾಳಿ ಹಿಂಭಾಗವನ್ನು ತಳ್ಳಿ, ಮೂತಿಯನ್ನು ಗಾಳಿಯತ್ತಲೇ ತಿರುಗಿಸುತ್ತದೆ. ಆಗ ಒಂದೇ ಬದಿಯಲ್ಲಿ ಹುಟ್ಟು ಹಾಕಿ ಹಾಕಿ ಭುಜ ಸೋಲುತ್ತದೆ. ಚುಕ್ಕಾಣಿಯಿದ್ದರೆ ಪಾದದ ಪೆಡಲು ಒತ್ತಿ ದಿಕ್ಕು ಸರಿಪಡಿಸಬಹುದು, ಎರಡು ತೋಳಿಗೂ ಸಮನಾದ ಕೆಲಸ ಸಿಗುತ್ತದೆ.

ಚಳಿಗಾಲ, ಬೇಸಿಗೆಗಳಲ್ಲಿ ಈ ಕರಾವಳಿಯ ಮುಂಜಾನೆ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮಧ್ಯಾಹ್ನದಿಂದ ವಾಯವ್ಯದ ಕಡಲಗಾಳಿ ಬಲವಾಗುತ್ತದೆ. ದಕ್ಷಿಣಕ್ಕೆ ಮರಳುವಾಗ ಆ ಗಾಳಿ ಹಿಂದಿನಿಂದ, ಕೊಂಚ ಬಲಗಡೆಯಿಂದ ಬರುತ್ತದೆ. ಪ್ರತಿ ಅಲೆಯೂ ದೋಣಿಯ ಹಿಂಭಾಗವನ್ನೆತ್ತಿ ಪಕ್ಕಕ್ಕೆ ಸರಿಸುವ ಈ ಹೊತ್ತಿನಲ್ಲಿ, ಮುಖ್ಯವಾಗಿ ಇಬ್ಬರು ಕೂರುವ ಉದ್ದನೆಯ ಕಯಾಕಿನಲ್ಲಿ, ಚುಕ್ಕಾಣಿಯ ಬೆಲೆ ತಿಳಿಯುತ್ತದೆ. ಆದರೂ ಅಲೆಯ ನೆತ್ತಿಯಲ್ಲಿ ಚುಕ್ಕಾಣಿಯ ಹಲಗೆ ನೀರಿನಿಂದ ಮೇಲೇಳುವುದುಂಟು, ಆ ಕ್ಷಣ ಕೈಯಲ್ಲಿರುವ ಹುಟ್ಟೇ ಗತಿ. ಹೀಗಾಗಿ ಮೂತಿಯಿಂದ ಹಿಂಭಾಗದವರೆಗೆ ಅಗಲವಾಗಿ ಬಳಸಿ ಹುಟ್ಟು ಹಾಕಿ ದೋಣಿ ತಿರುಗಿಸುವುದನ್ನು ಮೊದಲೇ ರೂಢಿಸಿಕೊಳ್ಳಬೇಕು.

ದಂಡೆಯಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕೂರುವ ಬಗೆಯ ಗಿಡ್ಡ ಪ್ಲಾಸ್ಟಿಕ್ ಕಯಾಕುಗಳಿಗೆ ಸಾಮಾನ್ಯವಾಗಿ ಚುಕ್ಕಾಣಿ ಇರುವುದಿಲ್ಲ. ಬೆಳಕು ಹರಿಯುತ್ತಲೇ ಹೊರಟು ಬಿಸಿಲೇರುವ ಮುನ್ನ ಮರಳುವವರಿಗೆ ಅವು ಸಾಕು. ಪಾಲೊಳೆಂನ ಉತ್ತರ ತುದಿಯ ಹಿನ್ನೀರಿನಲ್ಲಂತೂ ಚುಕ್ಕಾಣಿ ತೊಡಕೇ ಸರಿ, ಏಕೆಂದರೆ ಅಲ್ಲಿ ನೀರು ಆಳವಿಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳೂ ಇವೆ; ಉಬ್ಬರದ ಹೊತ್ತು ನೋಡಿಕೊಂಡೇ ಒಳಹೋಗಬೇಕು. ಮಳೆಗಾಲದ ಕಡಲಿಗೆ ಯಾವ ಕಯಾಕನ್ನೂ ಇಳಿಸಬಾರದು. ಉಳಿದ ಕಾಲದಲ್ಲೂ ಲೈಫ್ ಜಾಕೆಟ್ ಕಳಚಬಾರದು.

ಚುಕ್ಕಾಣಿಯಿರುವ ದೋಣಿ ಪಡೆದರೆ ನೀರಿಗಿಳಿಸುವ ಮುನ್ನವೇ ಪೆಡಲುಗಳನ್ನು ಒತ್ತಿ, ಹಲಗೆ ಎರಡೂ ಕಡೆ ಸಲೀಸಾಗಿ ಹೊರಳುವುದೇ, ತಂತಿ ಉಪ್ಪುನೀರಿಗೆ ಎಳೆಬಿಟ್ಟಿದೆಯೇ, ಎತ್ತುವ ಹಗ್ಗ ಕೈಗೆಟಕುವುದೇ ಎಂದು ನೋಡಿರಿ. ಮರಳಿ ಬರುವಾಗ ಮೊಣಕಾಲುದ್ದದ ನೀರಿನಲ್ಲಿ ನಿಂತು ನಮ್ಮ ದೋಣಿ ಹಿಡಿಯಲು ಬಂದ ಗದಗ ಕಡೆಯ ಹುಡುಗ, “ಸರ, ದಂಡಿ ಬಂತ್ರೀ, ಚುಕ್ಕಾಣಿ ಎತ್ರಿ!” ಎಂದು ಕೂಗಿದ್ದು ಇದೇ ಹಗ್ಗಕ್ಕಾಗಿ. ಇಳಿಬಿಟ್ಟ ಹಲಗೆ ಮರಳಿಗೆ ತಾಗಿದರೆ, ಹಿಂದಿನಿಂದ ಬರುವ ಅಲೆಯ ಹೊಡೆತಕ್ಕೆ ಅದರ ಕೀಲು ಬಾಗುತ್ತದೆ.