ಕಹಿ ಹಿಟ್ಟು ಮತ್ತು ಶೀಗಿ ಹುಣ್ಣಿಮೆ

ಹೊಲಕ್ಕೆ ಹೋಗಿ ಭೂಮಿಯನ್ನು ಪೂಜಿಸುವ ಶೀಗಿ ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಡಬ್ಬಿಯಲ್ಲಿದ್ದ ಸಜ್ಜೆ ಹಿಟ್ಟನ್ನು ಪರಾತಕ್ಕೆ ಸುರಿಯುತ್ತಿದ್ದಾಗ, ಗೋಡೆಗೆ ಒರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ಕುಳಿತಲ್ಲಿಂದಲೇ ಕೇಳಿದರು: "ಅದು ಯಾವಾಗ ಬೀಸಿಸಿದ್ದು?"

"ಗಣಪತಿ ಹಬ್ಬ ಮುಗಿದ ಮೇಲೆ."

"ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ನೋಡು."

ಹಚ್ಚಿಕೊಂಡೆ. ಬೇವಿನೆಲೆ ಜಗಿದಂತಾಯಿತು. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು. ಜೋಳದ ಹಿಟ್ಟಿನಂತೆ ತಿಂಗಳುಗಟ್ಟಲೆ ಇಟ್ಟರೆ ಕಮಟು ಹಿಡಿಯದೆ ಬಿಡುವುದಿಲ್ಲ. ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಪ್ರತಿ ವರ್ಷ ಅತ್ತೆಯೇ ನೋಡಿಕೊಳ್ಳುತ್ತಿದ್ದುದರಿಂದ ನಾನು ತಲೆಗೆ ಹಚ್ಚಿಕೊಂಡಿರಲಿಲ್ಲ, ಅಷ್ಟೇ. ಆ ಹಿಟ್ಟು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ನಾನು ಎರಡು ಕಿಲೋ ಹೊಸ ಸಜ್ಜೆ ಹಿಡಿದು ಗಿರಣಿಯ ಮುಂದೆ ಕುಳಿತೆ.

ದಸರಾ ರಜೆಯಲ್ಲಿ ಮಕ್ಕಳನ್ನು ಸುತ್ತಾಡಿಸಲು ಕೊಪ್ಪಳದವರಿಗೆ ಜಾಗಕ್ಕೇನೂ ಬರವಿಲ್ಲ. ಮುನಿರಾಬಾದಿನ ಜಲಾಶಯವಿದೆ, ಹುಲಿಗೆಮ್ಮನ ಗುಡಿಯಿದೆ, ಹೊಳೆ ದಾಟಿದರೆ ಹಂಪಿ. ಹಿಂದಿನ ವರ್ಷ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಇಳಿಯುವಾಗ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ನಾಲ್ಕು ದಿನ ಕುಂಟಿದ್ದೇನೆ. ಆದರೆ ಶೀಗಿ ಹುಣ್ಣಿಮೆಯ ದಿನ ಎಲ್ಲಿಗೆ ಎಂಬ ಮಾತೇ ನಮ್ಮಲ್ಲಿ ಹುಟ್ಟುವುದಿಲ್ಲ. ಇಟಗಿಯ ಹತ್ತಿರ ಭಾವ ನೋಡಿಕೊಳ್ಳುವ ಹೊಲಕ್ಕೇ ಹೋಗಬೇಕು.

ಶೇಂಗಾ ಹೋಳಿಗೆ ಹಿಂದಿನ ರಾತ್ರಿಯೇ ಆಯಿತು. ಅದರಲ್ಲಿ ನನಗೆ ಭಯವಿಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿದರೆ ಅರ್ಧ ಗೆದ್ದಂತೆ. ಸೋಲಿಸಿದ್ದು ರೊಟ್ಟಿ. ಸಜ್ಜೆಗೆ ಜೋಳದಷ್ಟು ಜಿಗಿ ಇರುವುದಿಲ್ಲ. ಎಸರು ಹಾಕಿ ಎಷ್ಟು ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಮೊದಲೇ ಎಳ್ಳು ಉದುರಿಸಿ ಒತ್ತಬೇಕು. ಒಂದು ಕ್ಷಣ ತಡವಾದರೂ ಎಳ್ಳು ಹಂಚಿನ ತುಂಬ ಚಟಪಟ ಸಿಡಿಯುತ್ತದೆ. ಬೆಳಗಿನ ನಾಲ್ಕೂವರೆಗೆ ಎದ್ದು ಮಾಡಿದ ಹದಿನಾಲ್ಕು ರೊಟ್ಟಿಗಳಲ್ಲಿ ಐದು ಮುರಿದವು. ಖಡಕ್ ರೊಟ್ಟಿ ಈಗ ಅಂಗಡಿಯಲ್ಲೂ ಸಿಗುತ್ತದೆ ಎಂದು ನಮ್ಮವರು ಕಣ್ಣುಜ್ಜುತ್ತಾ ನೆನಪಿಸಿದರು. ಉತ್ತರ ಕೊಡಲಿಲ್ಲ. ಮುರಿದವನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ಒಳ್ಳೆಯವನ್ನು ಜೋಡಿಸಿದೆ.

ಬನ್ನಿಕೊಪ್ಪದವರೆಗೆ ಬಸ್. ಅಲ್ಲಿ ಭಾವ ಟ್ರ್ಯಾಕ್ಟರ್ ತಂದಿದ್ದರು. ಎತ್ತಿನ ಬಂಡಿಯ ಆಸೆಯಿಂದ ಬಂದಿದ್ದ ಮಗನಿಗೆ ಎತ್ತು ಮಾರಿದ ಸುದ್ದಿ ತಿಳಿದದ್ದು ಅಲ್ಲೇ. ಹೊಲ ಮುಟ್ಟುವವರೆಗೆ ದೊಡ್ಡಪ್ಪನೊಡನೆ ಮಾತು ಬಿಟ್ಟ. ರಾತ್ರಿ ಮಳೆಯಾಗಿತ್ತು. ಎರೆ ಮಣ್ಣು ನೆನೆದರೆ ಯಾರ ಮುಲಾಜನ್ನೂ ನೋಡುವುದಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿಯೂ ಒಂದು ಕಿಲೋ ತೂಗತೊಡಗಿತು. ಮಗನ ಎಡಗಾಲಿನದು ಕೆಸರಲ್ಲೇ ಉಳಿದು ಅವನು ಬರಿಗಾಲಲ್ಲಿ ಮುಂದೆ ನಡೆದಿದ್ದ.

ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವು ಪಾಂಡವರು. ಪೂಜೆ ಮುಗಿದ ಮೇಲೆ ನೆಗೆಣ್ಣಿ ಚರಗ, ಅಂದರೆ ಹೊಲಕ್ಕೆ ಚೆಲ್ಲುವ ಎಡೆ, ಕಲೆಸಲು ನನ್ನ ಬುಟ್ಟಿಗೆ ಕೈ ಹಾಕಿದರು. ನೇರವಾಗಿ ತಳಕ್ಕೇ ಕೈ ಹೋಯಿತು. ಮುರಿದ ರೊಟ್ಟಿಗಳು ಒಂದೊಂದಾಗಿ ಹೊರಬಂದವು. "ಚರಗಕ್ಕೆ ಹೇಗೂ ಮುರಿಯಬೇಕು, ನೀನು ಮನೆಯಿಂದಲೇ ಮುರಿದು ತಂದಿದ್ದೀಯಲ್ಲ" ಎಂದು ನಕ್ಕು, ಕಡುಬು, ಪುಂಡಿಪಲ್ಯ, ಹೋಳಿಗೆಯ ಜೊತೆ ಅವನ್ನು ಪುಡಿ ಮಾಡಿದರು.

ಮಗಳಿಗೆ ಇದು ಸರಿಬರಲಿಲ್ಲ. "ಅನ್ನ ಚೆಲ್ಲಬಾರದು ಎಂದು ಶಾಲೆಯಲ್ಲಿ ಹೇಳುತ್ತಾರೆ" ಎಂದಳು.

"ಪೈರು ಹೊತ್ತ ಭೂಮಿ ಬಸುರಿ ಇದ್ದಂತೆ ಮಗಳೇ" ಎಂದರು ಭಾವ. "ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅವ್ವ ಬಯಸಿದ್ದನ್ನೆಲ್ಲ ನಾವು ತಂದುಕೊಡಲಿಲ್ಲವೇ?"

ರಾತ್ರಿ ಒಂಬತ್ತಕ್ಕೆ ಮಿರ್ಚಿ ಬಜ್ಜಿ ಹುಡುಕಿಕೊಂಡು ಹೋದವರು ನಮ್ಮವರೇ ಹೊರತು ಭಾವ ಅಲ್ಲ, ಅದಿರಲಿ. ಮಗಳು ಸ್ವಲ್ಪ ಯೋಚಿಸಿ ಕೇಳಿದಳು: "ಭೂಮಿಗೆ ಪುಂಡಿಪಲ್ಯ ಬೇಕು ಎಂದು ಯಾರು ಹೇಳಿದರು?" ಭಾವ ಉತ್ತರಿಸದೆ ಪರಾತ ಎತ್ತಿಕೊಂಡರು.

ಮುಂದೆ ಭಾವ ಚರಗ ಚೆಲ್ಲುತ್ತಾ, ಹಿಂದೆ ನಮ್ಮವರು ತಂಬಿಗೆಯಿಂದ ನೀರು ಹಾಕುತ್ತಾ "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಹೊರಟರು. ಕಚೇರಿಯಲ್ಲಿ ಬಾಯಿಬಿಟ್ಟರೆ ಪಕ್ಕದ ಮೇಜಿಗೂ ಕೇಳಿಸದ ಮನುಷ್ಯ. ಅಂದಿನ ಕೂಗಿಗೆ ತೊಗರಿ ಸಾಲಿನಲ್ಲಿದ್ದ ಹಕ್ಕಿಗಳೆಲ್ಲ ಹಾರಿದವು, ಮತ್ತೆ ನಮ್ಮ ಹಿಂದೆಯೇ ಇಳಿದವು. ಬೆರಳುದ್ದ ಮೊಳೆತಿದ್ದ ಹಿಂಗಾರಿ ಜೋಳವನ್ನು ತುಳಿಯದಂತೆ ಮಕ್ಕಳು ಜಿಗಿಯುತ್ತಾ ನಡೆದರು. ಎರಡನೆಯ ಸುತ್ತಿಗೆ ಮಗಳ ಕೈಯಲ್ಲೇ ಪರಾತವಿತ್ತು.

ಉಂಡದ್ದು ಮಧ್ಯಾಹ್ನ ಎರಡಕ್ಕೆ. ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ರೊಟ್ಟಿ ಕಹಿಯಾಗಿರಲಿಲ್ಲ, ನಾನು ಮೊದಲು ನೋಡಿದ್ದೇ ಅದನ್ನು.

ಸಂಜೆ ಇಟಗಿಯ ಮಹಾದೇವ ದೇವಾಲಯದಲ್ಲಿ ಸ್ವಲ್ಪ ಹೊತ್ತು ಕುಳಿತೆವು. 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ ಎಂದೆಲ್ಲ ನಾನು ಹೇಳುತ್ತಿದ್ದರೆ, ಮಗ ನುಣುಪಾದ ಕಂಬವೊಂದನ್ನು ತಬ್ಬಿಕೊಂಡು "ಅವ್ವಾ, ಇದು ನಿನ್ನ ಲಟ್ಟಣಿಗೆಯ ಹಾಗಿದೆ" ಎಂದ. ತಿರುಗಣಿಗೆ ಹಾಕಿ ತಿರುಗಿಸಿದಂಥ ಆ ಕಂಬದ ಉಬ್ಬುತಗ್ಗು ನೋಡಿದರೆ ಅವನ ಮಾತನ್ನು ತೆಗೆದುಹಾಕಲಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ದೀಪ ಹಚ್ಚಿ ಕಾಯುತ್ತಿದ್ದರು. ಅವರಿಗೆಂದು ಎತ್ತಿಟ್ಟಿದ್ದ ಅರ್ಧ ರೊಟ್ಟಿಯನ್ನು ಕೊಟ್ಟೆ. ತುದಿ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಎಳ್ಳು ಕಡಿಮೆಯಾಯಿತು" ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಚರಗ ಹೊಲದ ನಾಲ್ಕೂ ಮೂಲೆಗೆ ಮುಟ್ಟಿತೇ?"

"ಮೂರಕ್ಕೆ ಮುಟ್ಟಿತು. ಒಂದು ಕಡೆ ಬಹಳ ಕೆಸರಿತ್ತು, ದೂರದಿಂದಲೇ ಎಸೆದೆ."

ಅತ್ತೆ ಉಳಿದ ರೊಟ್ಟಿಯನ್ನೂ ಮುಗಿಸಿ, ತಟ್ಟೆಯಲ್ಲಿ ಬಿದ್ದಿದ್ದ ಎಳ್ಳನ್ನು ಬೆರಳಿಗೆ ಅಂಟಿಸಿಕೊಳ್ಳುತ್ತಾ ಕೇಳಿದರು: "ಅಲ್ಲಿ ಜೋಳ ಮೊಳೆತಿತ್ತೇ?"