ಸ್ಕೂಲು ದೊಡ್ಡದಾಯಿತು, ನಾವು ನಾಲ್ಕೇ ಜನ ಉಳಿದೆವು

ಲೈಬ್ರರಿ ಪುಸ್ತಕಗಳಿಗೆ ಬೈಂಡ್ ಹಾಕೋಣ ಬನ್ನಿ ಅಂತ ಎಲ್ಲ ಪೋಷಕರಿಗೂ ಚೀಟಿ ಕಳಿಸಿದ್ದೆವು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದವರು ನಾಲ್ಕು ಜನ. ಆ ನಾಲ್ವರಲ್ಲೂ ಒಬ್ಬರು ಮಗನ ನೀರಿನ ಬಾಟಲಿ ಹುಡುಕಿಕೊಂಡು ಬಂದವರು. ಪಾಪ, ನಮ್ಮ ಮುಖ ನೋಡಿ ಎದ್ದುಹೋಗಲಾಗದೆ ಕೂತುಬಿಟ್ಟರು.

ಸ್ಕೂಲಿನಲ್ಲಿ ಈಗ 214 ಮಕ್ಕಳಿದ್ದಾರೆ. ಅಣ್ಣ-ತಂಗಿ ಅಂತ ಒಂದೇ ಮನೆಯಿಂದ ಬರುವವರನ್ನು ಸೇರಿಸಿ ನೋಡಿದರೆ ಸುಮಾರು 170 ಮನೆಗಳು. ನಾಲ್ಕು ವರ್ಷದ ಹಿಂದೆ ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಇದ್ದದ್ದು 52 ಮಕ್ಕಳು, 41 ಮನೆ. ಆ ವರ್ಷ ಇದೇ ಬೈಂಡ್ ಕೆಲಸಕ್ಕೆ 19 ಜನ ಬಂದಿದ್ದರು. ಇದ್ದ ಕತ್ತರಿ ಆರೇ. ಒಬ್ಬರು ಕತ್ತರಿಸುವವರೆಗೆ ಇನ್ನೊಬ್ಬರು ಹರಟೆ ಹೊಡೆಯುತ್ತಾ ಕಾಯುತ್ತಿದ್ದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ, ಮಿಕ್ಕ ಕಾಗದದಲ್ಲಿ ಮಕ್ಕಳಿಗೆ ದೋಣಿ ಮಾಡಿಕೊಟ್ಟು ಮನೆಗೆ ಹೋಗಿದ್ದೆವು.

ಈಗ ಕತ್ತರಿ ಹನ್ನೆರಡಿವೆ.

ನಾವು ನಾಲ್ಕು ಜನ ಆವತ್ತು ಪುಸ್ತಕಕ್ಕಿಂತ ಜಾಸ್ತಿ ಮಾಡಿದ್ದು ದೂರು. "ಹೊಸ ಪೋಷಕರು ನಮ್ಮ ಹಾಗಲ್ಲ ಬಿಡಿ", "ಅಡ್ಮಿಷನ್ ಮಾಡಿಸಿ ಮಗುವನ್ನು ಬಿಟ್ಟು ಹೋದರೆ ಮುಗೀತು ಅಂದ್ಕೊಂಡಿದ್ದಾರೆ", "ನಮ್ಮ ಕಾಲದಲ್ಲಿ..." ನಮ್ಮ ಕಾಲ ಅಂದರೆ ನಾಲ್ಕು ವರ್ಷದ ಹಿಂದಿನದು, ಆದರೂ ಆ ಮಾತು ಹೇಳಲು ಖುಷಿಯಾಗುತ್ತಿತ್ತು. ನಾನೂ ಸೇರಿಕೊಂಡೆ. ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸ್ಕೂಲು ಬೆಳೆದದ್ದು ಹೇಗೆ ಅಂತ ಹೇಳಬೇಕು. ಜಾಹೀರಾತು ಕೊಟ್ಟಿರಲಿಲ್ಲ. ಗೇಟಿನ ಹತ್ತಿರ ನಿಂತ ಒಬ್ಬರು ಪಕ್ಕದ ಮನೆಯವರಿಗೆ ಹೇಳಿದರು, ಅವರು ಅವರ ನಾದಿನಿಗೆ ಹೇಳಿದರು, ಹೀಗೇ. ಪ್ರತಿ ಮಗುವಿನ ಹೆಸರೂ ಹೆಡ್ ಮಿಸ್‌ಗೆ ಗೊತ್ತು, ಅಪ್ಪ-ಅಮ್ಮಂದಿರು ಒಳಗೆ ಬರಬಹುದು, ಯಾರೂ ಗೇಟಿನಲ್ಲೇ ತಡೆಯುವುದಿಲ್ಲ ಅನ್ನುವ ಮಾತು ಹರಡಿತು. ಜನ ಬಂದದ್ದು ಅದಕ್ಕೆ. ಅಂದರೆ ಪೋಷಕರು ಓಡಾಡುತ್ತಿದ್ದ ಸ್ಕೂಲು ಅನ್ನುವ ಕಾರಣಕ್ಕೇ ಮಕ್ಕಳು ಜಾಸ್ತಿಯಾದರು. ಮಕ್ಕಳು ಜಾಸ್ತಿಯಾದ ಮೇಲೆ ಪೋಷಕರ ಓಡಾಟ ನಿಂತಿತು. ವಿಚಿತ್ರ ಅಲ್ವಾ?

ಬೆಳೆಯುತ್ತಿರುವ ಸ್ಕೂಲಿನ ಹಾಜರಿ ಪುಸ್ತಕ ಒಂದು ಥರ ಗೋಪುರದ ಹಾಗಿರುತ್ತದೆ. ನಮ್ಮದನ್ನೇ ನೋಡಿ: ಒಂದನೇ ಕ್ಲಾಸಿನಲ್ಲಿ ಎರಡು ಸೆಕ್ಷನ್ ಸೇರಿ 67, ಎರಡರಲ್ಲಿ 52, ಮೂರರಲ್ಲಿ 41, ನಾಲ್ಕರಲ್ಲಿ 30, ನನ್ನ ಮಗಳ ಐದರಲ್ಲಿ 24. ಕೆಳಗೆ ಅಗಲ, ಮೇಲೆ ಚೂಪು. ಆ ಚೂಪು ತುದಿಯಲ್ಲಿ ಕೂತಿರುವವರು ನಾವು, ಹಳೇ ಪೋಷಕರು. ಲೈಬ್ರರಿ ಬೀರುವಿನ ಬೀಗದ ಕೈ ಎಲ್ಲಿದೆ, ಯಾವ ಕಿಟಕಿ ಮಳೆ ಬಂದರೆ ಸೋರುತ್ತದೆ ಅನ್ನುವುದೆಲ್ಲ ಗೊತ್ತಿರುವುದು ನಮಗೇ. ಬರುವ ವರ್ಷ ಈ 24 ಮಕ್ಕಳು ಹೊರಗೆ ಹೋದರೆ ಅದೆಲ್ಲ ನಮ್ಮ ಜೊತೆಗೇ ಹೋಗುತ್ತದೆ. ಆವತ್ತು ಬಂದ ನಾಲ್ವರಲ್ಲಿ ಮೂವರು ಐದನೇ ಕ್ಲಾಸಿನವರು. ಬಾಟಲಿಯವರು ಮಾತ್ರ ಎರಡನೇ ಕ್ಲಾಸು. ಇದು ನನಗೆ ಹೊಳೆದದ್ದು ಸುಮ್ನೆ ಬೆರಳು ಮಡಚಿ ಲೆಕ್ಕ ಹಾಕುವಾಗ, ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಇನ್ನೊಂದು ಲೆಕ್ಕವೂ ಇದೆ. 41 ಮನೆಗಳಿದ್ದಾಗ ಪ್ರತಿ ಮನೆಗೂ ಉಳಿದ ಎಲ್ಲ ಮನೆಗಳ ಪರಿಚಯ ಆಗಬೇಕಾದರೆ ಒಟ್ಟು 820 ಪರಿಚಯಗಳು ಬೇಕು. ಒಂದೆರಡು ವರ್ಷದಲ್ಲಿ ಹೆಚ್ಚುಕಡಿಮೆ ಅದಾಗಿಬಿಡುತ್ತದೆ. 170 ಮನೆಗೆ? 14,365. ಮನೆಗಳು ನಾಲ್ಕು ಪಟ್ಟು ಆದರೆ ಪರಿಚಯಗಳು ಹದಿನೇಳು ಪಟ್ಟು ಆಗಬೇಕು. ಆಗುವ ಮಾತಲ್ಲ. ಹಿಂದೆ ಯಾರೂ ಯಾರನ್ನೂ "ಸಂಘಟಿಸುತ್ತಿರಲಿಲ್ಲ", ಮುಖ ನೋಡಿದರೆ ಸಾಕಾಗಿತ್ತು. ಈಗ ಮುಖವೇ ಗೊತ್ತಿಲ್ಲ.

ಆ ಶನಿವಾರದ ನಂತರ ಸೋಮವಾರ ಗೇಟಿನ ಹತ್ತಿರ ಒಬ್ಬರು ಅಮ್ಮನನ್ನು ಮಾತಾಡಿಸಿದೆ. ಅವರನ್ನು ನಾನು ದಿನಾ ನೋಡುತ್ತಿದ್ದೆ. ಯಾವಾಗಲೂ ಗೇಟಿನ ಎಡಕ್ಕೆ, ಗೋಡೆಗೆ ಒರಗಿ, ಒಬ್ಬರೇ ನಿಂತಿರುತ್ತಿದ್ದರು. ನಾವು ಬಲಗಡೆ ಗುಂಪು. ಮಗಳ ಹೆಸರು ಕರೆದಾಗ ಬ್ಯಾಗು ಇಸಿದುಕೊಂಡು ಹೊರಟುಬಿಡುತ್ತಿದ್ದರು. ಒಂದು ವರ್ಷ ಹೀಗೇ ನಡೆದಿತ್ತು. ನಾನು ಸ್ವಲ್ಪ ಚುಚ್ಚುವ ಧಾಟಿಯಲ್ಲೇ ಕೇಳಿದೆ, ಶನಿವಾರ ಬರಬಹುದಿತ್ತಲ್ಲ ಅಂತ.

"ನನ್ನನ್ನ ಯಾರೂ ಕರೀಲಿಲ್ವಲ್ಲ."

"ಎಲ್ಲರಿಗೂ ಚೀಟಿ ಕಳಿಸಿದ್ವಿ."

"ಹೌದು, ಎಲ್ಲರಿಗೂ ಅಂತ ಬರೆದಿತ್ತು. ನಿಮ್ಮೆಲ್ಲರಿಗೂ ಅಂದ್ಕೊಂಡೆ."

ನಿಮ್ಮೆಲ್ಲರಿಗೂ. ಅಂದರೆ ಬಲಗಡೆ ನಿಂತವರಿಗೆ. ಆಕೆ ಸಿಟ್ಟಿನಿಂದ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ರಾತ್ರಿ ಪಾಳಿ ಮುಗಿಸಿ, ಮಲಗಿ ಎದ್ದು ಮಗಳನ್ನು ಕರೆದುಕೊಂಡು ಹೋಗಲು ಬರುತ್ತಾರಂತೆ, ಶನಿವಾರ ಬೆಳಿಗ್ಗೆ ಹತ್ತು ಗಂಟೆ ಅಂದರೆ ಅವರಿಗೆ ನಡುರಾತ್ರಿ. ನಾವು ಅವರನ್ನು "ಆಸಕ್ತಿ ಇಲ್ಲದವರು" ಅನ್ನುವ ಪಟ್ಟಿಗೆ ಸೇರಿಸಿಬಿಟ್ಟಿದ್ದೆವು.

ಮನೆಗೆ ಬಂದು ವಾಟ್ಸಾಪ್ ಗ್ರೂಪು ತೆಗೆದು ಮೇಲಿನಿಂದ ಕೆಳಗೆ ಓದಿದೆ, ಹೊಸಬರ ಕಣ್ಣಿನಿಂದ. ಅಬ್ಬಾ! ಅರ್ಧ ಮೆಸೇಜು ನಮ್ಮ ನಾಲ್ಕೈದು ಜನರ ತಮಾಷೆ, ಹೆಸರು ಹೇಳದೆ "ಅವರು", "ಆವತ್ತಿನ ಥರ", "ಗೊತ್ತಲ್ಲ" ಅಂತ ಬರೆದವು. ಉಳಿದ ಅರ್ಧ ಗುಡ್ ಮಾರ್ನಿಂಗ್. ನಡುವೆ ಎಲ್ಲೋ ಹೂತುಹೋದ ಒಂದು ಸಾಲು, "ಶನಿವಾರ ಎಲ್ಲರೂ ಬನ್ನಿ". ನಾನೇ ಹೊಸಬ ಪೋಷಕನಾಗಿದ್ದರೆ ಮೂರನೇ ದಿನಕ್ಕೆ ಮ್ಯೂಟ್ ಮಾಡುತ್ತಿದ್ದೆ.

ಇದೇನು ನಮ್ಮ ಸ್ಕೂಲಿಗೆ ಮಾತ್ರ ಅಂಟಿದ ರೋಗವಲ್ಲ. ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್ ಒಬ್ಬರಿದ್ದರು. ಜನ ಹಗ್ಗ ಎಳೆಯುವಾಗ ಎಷ್ಟು ಬಲ ಹಾಕುತ್ತಾರೆ ಅಂತ ಅಳೆದು 1913ರಲ್ಲಿ ಪ್ರಕಟಿಸಿದರು. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬರೇ ಎಳೆದಾಗಿನ ಬಲದ ಅರ್ಧದಷ್ಟೇ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲು ಆಗದೆ ಇರುವುದೂ ಅದಕ್ಕೆ ಕಾರಣ. ಆದರೆ 1974ರಲ್ಲಿ ಇನ್ನೊಂದು ತಂಡ ಅದನ್ನೇ ಬೇರೆ ಥರ ಪರೀಕ್ಷಿಸಿತು. ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಹಿಂದಿನವರು ಎಳೆಯುವ ಹಾಗೆ ನಟಿಸಿದರು ಅಷ್ಟೆ. ಹಿಂದೆ ಜನ ಇದ್ದಾರೆ ಅಂದುಕೊಂಡದ್ದಕ್ಕೇ ಮುಂದಿದ್ದವರ ಕೈ ಸಡಿಲವಾಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಅನ್ನುತ್ತೇವಲ್ಲ, ಸರಿ, ಆದರೆ ಕಡ್ಡಿ ಯಾರದು ಅಂತ ಹೇಳದೆ ಹೋದರೆ ಹೊರೆ ಅಲ್ಲೇ ಬಿದ್ದಿರುತ್ತದೆ.

ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ನಡೆದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಇಷ್ಟ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಮಾಡಿದ್ದು, 2010ರಲ್ಲಿ ಪ್ರಕಟವಾಯಿತು. ಸ್ಕೂಲು ನೋಡಿಕೊಳ್ಳಲು ಊರಿನಲ್ಲೊಂದು ಶಿಕ್ಷಣ ಸಮಿತಿ ಇತ್ತು, ಆದರೆ ಬಹುತೇಕ ಪೋಷಕರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಸಭೆ ಕರೆದು ಸಮಿತಿಯ ಬಗ್ಗೆ ತಿಳಿಸಿ ಹೇಳಿದರು. ಅದರಿಂದ ಸ್ಕೂಲಿನಲ್ಲಿ ಏನೂ ಬದಲಾಗಲಿಲ್ಲ. ಕೆಲವು ಊರುಗಳಲ್ಲಿ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳಿಗೆ ಓದಲು ಹೇಳಿಕೊಡುವುದು ಹೇಗೆ ಅಂತ ಊರಿನವರಿಗೇ ತರಬೇತಿ ಕೊಟ್ಟರು. ಅಲ್ಲಿ ಮುಂದೆ ಬಂದು ಪಾಠ ಹೇಳಿದವರು ಸಿಕ್ಕರು, ಆ ಪಾಠಕ್ಕೆ ಹೋದ ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಜನಕ್ಕೆ ಮನಸ್ಸಿಲ್ಲ ಅಂತಲ್ಲ. ಸಭೆಗೆ ಬಂದು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ, ಕೆಲಸ ಇದು ಅಂದಾಗ ಮಾಡಿದರು.

ಇದನ್ನೆಲ್ಲ ಮುಂದಿನ ಮೀಟಿಂಗಿನಲ್ಲಿ ಹೇಳಿದೆ. ಮೀಟಿಂಗಿಗೆ ಬಂದವರು ಒಂಬತ್ತು ಜನ. ಹೆಡ್ ಮಿಸ್ ಪೂರ್ತಿ ಕೇಳಿಸಿಕೊಂಡು, ಹಗ್ಗ ಎಲ್ಲ ಬೇಡ, ಕ್ಲಾಸ್ ಮಿಸ್‌ಗಳು ಹೆಸರು ಹಿಡಿದು ಕರೆಯಲಿ ಅಂದರು. ನಾನು ಹತ್ತು ನಿಮಿಷ ತೆಗೆದುಕೊಂಡದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು.

ಈಗ ಹಾಗೇ ನಡೆಯುತ್ತಿದೆ. ಇಡೀ ಸ್ಕೂಲಿಗೆ ಅಂತ ಕರೆಯುವುದಿಲ್ಲ. ತಿಂಗಳಿಗೆ ಒಂದು ಕ್ಲಾಸಿನ ಸರದಿ. ಕ್ಲಾಸ್ ಮಿಸ್ ಡೈರಿಯಲ್ಲಿ ಬರೆಯುತ್ತಾರೆ, ಇಂಥವರ ಅಪ್ಪ, ನೀವು ಇದನ್ನು ಮಾಡಿಕೊಡಬಹುದಾ, ಸ್ಕೂಲಿಗೆ ಬರಲಾಗದಿದ್ದರೆ ಮನೆಯಲ್ಲೇ ಮಾಡಿ ಕಳಿಸಬಹುದು. ಬೀರುವಿನ ಬಾಗಿಲು ಎರಡು ವರ್ಷದಿಂದ ಎತ್ತಿ ಮುಚ್ಚಬೇಕಾಗಿತ್ತು. ಒಬ್ಬ ಅಪ್ಪ ಮಗನನ್ನು ಬಿಡಲು ಬಂದವರು ಸ್ಕ್ರೂ ಡ್ರೈವರ್ ತಂದಿದ್ದರು, ಹಾಜರಿ ಕರೆಯುವುದರೊಳಗೆ ಸರಿಮಾಡಿ ಹೋದರು. ಮೀಟಿಂಗಿಗೆ ಬನ್ನಿ ಅಂದಿದ್ದರೆ ಅವರು ಈ ಜನ್ಮದಲ್ಲಿ ಬರುತ್ತಿರಲಿಲ್ಲ, ಹಾಗಂತ ಅವರೇ ಹೇಳಿದರು. ಗೋಡೆಗೆ ಒರಗಿ ನಿಲ್ಲುತ್ತಿದ್ದ ಅಮ್ಮ ಮೂವತ್ತು ಪುಸ್ತಕ ಮನೆಗೆ ಒಯ್ದು ಬೈಂಡ್ ಹಾಕಿ ತಂದರು. ಅಂಚು ಮಡಚಿದ ರೀತಿ ನೋಡಬೇಕು ನೀವು, ನಮ್ಮ ನಾಲ್ಕು ವರ್ಷದ ಬೈಂಡೆಲ್ಲ ಅದರ ಮುಂದೆ ಚಪ್ಪೆ.

ಒಬ್ಬ ಅಜ್ಜಿ ವಾರಕ್ಕೆರಡು ದಿನ ಬಂದು ಹೊರಗಿನ ಬೆಂಚಿನ ಮೇಲೆ ಮೂರು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಾರೆ. ಮೂರೇ. ನಾಲ್ಕನೆಯದು ಬಂದರೆ "ನಾಳಿದ್ದು ಬಾ" ಅನ್ನುತ್ತಾರೆ. ಮಗು ಅಕ್ಷರಕ್ಕೆ ಅಕ್ಷರ ಕೂಡಿಸಿ ತಡವರಿಸುವಾಗ ಅವರು ಹೇಳಿಕೊಡುವುದಿಲ್ಲ, ಬೆರಳನ್ನು ಆ ಪದದ ಕೆಳಗಿಟ್ಟು ಸುಮ್ನೆ ಕಾಯುತ್ತಾರೆ. ನಾನು ನಿಂತು ನೋಡಿದ ದಿನ ಒಂದು ಹುಡುಗ "ಬೆಳದಿಂಗಳು" ಅನ್ನಲು ಎಷ್ಟು ಹೊತ್ತು ತೆಗೆದುಕೊಂಡ ಅಂದರೆ ಪದ ನನ್ನ ನಾಲಿಗೆ ತುದಿಗೇ ಬಂದಿತ್ತು. ಅಜ್ಜಿ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಬಾಯಿ ಮುಚ್ಚಿಕೊಂಡೆ.

ಎಲ್ಲ ಸರಿಹೋಯಿತು ಅಂತಲ್ಲ. ಒಂದನೇ ಕ್ಲಾಸಿನ ಒಂದು ಸೆಕ್ಷನ್ ಈಗ ನಡೆಯುವುದು ಹಳೇ ಲೈಬ್ರರಿ ಕೋಣೆಯಲ್ಲಿ, ಪುಸ್ತಕಗಳು ವರಾಂಡದ ಬೀರುವಿಗೆ ಬಂದಿವೆ. ಊಟದ ಬೆಲ್ ಆದಾಗ ನಲ್ಲಿಗಳ ಮುಂದೆ ಸಾಲು ಕರಗುವಷ್ಟರಲ್ಲಿ ಅರ್ಧ ಬಿಡುವು ಮುಗಿದಿರುತ್ತದೆ. ಅಮೆರಿಕದ ಟೆನೆಸ್ಸಿಯಲ್ಲಿ 1985ರಿಂದ ನಾಲ್ಕು ವರ್ಷ ದೊಡ್ಡದೊಂದು ಪ್ರಯೋಗ ನಡೆದಿತ್ತು, 13ರಿಂದ 17 ಮಕ್ಕಳಿರುವ ಕ್ಲಾಸಿನ ಪುಟಾಣಿಗಳು 22ರಿಂದ 25 ಇರುವ ಕ್ಲಾಸಿನವರಿಗಿಂತ ಚೆನ್ನಾಗಿ ಕಲಿತರು ಅಂತ ಅದರಲ್ಲಿ ಕಂಡಿತು. ನಮ್ಮಲ್ಲಿ ಒಂದು ಸೆಕ್ಷನ್ನಿಗೆ 34, 33. ಇದನ್ನು ಪೋಷಕರು ಬೈಂಡ್ ಹಾಕಿ ಸರಿಮಾಡಲಾಗುವುದಿಲ್ಲ. ಅದಕ್ಕೆ ಕೋಣೆ ಬೇಕು, ಮಿಸ್‌ಗಳು ಬೇಕು. ಸ್ಕೂಲು ನಡೆಸುವವರು ಮಾಡಬೇಕಾದ ಕೆಲಸವನ್ನು "ಪೋಷಕರ ಸಹಕಾರ" ಅಂತ ನಮ್ಮ ಹೆಗಲಿಗೆ ದಾಟಿಸಲು ನೋಡಿದಾಗ ಇಲ್ಲ ಅನ್ನುವುದೂ ಸಹಕಾರವೇ ಅಂತ ನನ್ನ ಅಭಿಪ್ರಾಯ. ಹಾಗೆಯೇ ಗುಣಾಕಾರ ಹೇಗೆ ಕಲಿಸಬೇಕು ಅಂತ ಮಿಸ್‌ಗೆ ಪಾಠ ಹೇಳಲು ಹೋಗುವ ಪೋಷಕರೂ ಇದ್ದಾರೆ, ಅವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಅದಕ್ಕೆ ಬೇರೆಯದೇ ತಾಳ್ಮೆ ಬೇಕು.

ನನಗೆ ನಿಜವಾಗಿ ಚುಚ್ಚಿದ್ದು ಬೇರೆ. ಚಾರ್ಲ್ಸ್ ಡೆಸ್‌ಫೋರ್ಜಸ್ ಮತ್ತು ಆಲ್ಬರ್ಟೊ ಅಬುಶಾರ್ ಅಂತ ಇಬ್ಬರು 2003ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕೆ ಒಂದು ವರದಿ ಕೊಟ್ಟರು, ಪೋಷಕರ ಪಾಲ್ಗೊಳ್ಳುವಿಕೆ ಬಗ್ಗೆ ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದು. ಮಗುವಿನ ಕಲಿಕೆಗೆ ಜಾಸ್ತಿ ತಾಗುವುದು ಅಪ್ಪ-ಅಮ್ಮ ಮನೆಯಲ್ಲಿ ಮಗುವಿನ ಜೊತೆ ಹೇಗಿರುತ್ತಾರೆ, ಏನು ಮಾತಾಡುತ್ತಾರೆ ಅನ್ನುವುದು. ಪ್ರೈಮರಿ ವಯಸ್ಸಿನಲ್ಲಂತೂ ಒಂದು ಸ್ಕೂಲಿಗೂ ಇನ್ನೊಂದು ಸ್ಕೂಲಿಗೂ ಇರುವ ಗುಣಮಟ್ಟದ ವ್ಯತ್ಯಾಸಕ್ಕಿಂತ ಅದರ ಪರಿಣಾಮವೇ ದೊಡ್ಡದು. ಇದನ್ನು ನಾನು ಓದಿದ್ದು ರಾತ್ರಿ ಒಂಬತ್ತೂವರೆಗೆ, ಪೋಷಕರ ಮೀಟಿಂಗಿಗೆ ಪಟ್ಟಿ ತಯಾರು ಮಾಡುವ ಗಡಿಬಿಡಿಯಲ್ಲಿ. ಪಕ್ಕದ ಕೋಣೆಯಲ್ಲಿ ಮಗಳು ಒಬ್ಬಳೇ ಜೋರಾಗಿ ಪಾಠ ಓದುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು "ಇವತ್ತೂ ಸ್ಕೂಲ್ ಕೆಲಸಾನಾ?" ಅಂತ ಕೇಳಿದಳು. ಯಾರ ಸ್ಕೂಲಿನ ಕೆಲಸ ಅಂತ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ.

ಈ ಶನಿವಾರ ಎರಡನೇ ಕ್ಲಾಸಿನವರ ಸರದಿ. ಪಟ್ಟಿ ಇರುವುದು ಬಾಟಲಿ ಹುಡುಕಿಕೊಂಡು ಬಂದಿದ್ದರಲ್ಲ, ಅವರ ಕೈಯಲ್ಲಿ. ಬೀಗದ ಕೈ ಎಲ್ಲಿದೆ ಅಂತ ಕೇಳಲು ಫೋನ್ ಮಾಡಿದ್ದರು. ನಾನೂ ಬರಲಾ ಅಂದೆ. "ಬೇಡ ಬೇಡ, ಹದಿನಾಲ್ಕು ಜನ ಆಗಿದ್ದೀವಿ, ಕತ್ತರಿ ಸಾಲಲ್ಲ" ಅಂದರು. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.